ಹಲ್ಲಿನ ಕ್ಲಿಪ್ಪಿನಿಂದ ಜೊಲ್ಲಿಗಿಳಿಯುವ ಲೋಹ

ಹಲ್ಲು ಸಾಲಾಗಿ ಕೂರಲೆಂದು ಹಾಕಿಸುವ ಕ್ಲಿಪ್ಪಿನಿಂದ ಲೋಹದ ಅಯಾನುಗಳು ಜೊಲ್ಲಿಗೆ ಬಿಡುಗಡೆಯಾಗುತ್ತವೆಯೇ? ಆಗುತ್ತವೆ. ಈ ವಿಷಯದಲ್ಲಿ ದಂತ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾಲ್ಕು ದಶಕಗಳಿಂದ ಪ್ರಯೋಗಾಲಯದಲ್ಲೂ ರೋಗಿಗಳ ಬಾಯಲ್ಲೂ ಅದನ್ನು ಅಳೆಯುತ್ತ ಬಂದಿದ್ದಾರೆ. ತಕರಾರಿರುವುದು ಮುಂದಿನ ಪ್ರಶ್ನೆಯಲ್ಲಿ: ಹಾಗೆ ಬಿಡುಗಡೆಯಾದ ನಿಕ್ಕಲ್ ಮತ್ತು ಕ್ರೋಮಿಯಂನಿಂದ ಮೈಗೆ ಹಾನಿಯಿದೆಯೇ? ಕ್ಲಿಪ್ ಎಂದರೆ ಬಾಯಲ್ಲಿ ಇಟ್ಟುಕೊಂಡ ವಿಷ ಎಂದು ಹೆದರಿಸುವವರು ಒಂದು ಕಡೆ ಇದ್ದಾರೆ. ಲಕ್ಷಾಂತರ ಮಂದಿ ಹಾಕಿಸಿಕೊಂಡಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎಂದು ಮಾತು ಮುಗಿಸುವವರು ಇನ್ನೊಂದು ಕಡೆ. ಮೊದಲನೆಯವರ ಮಾತಿಗೆ ಆಧಾರವಿಲ್ಲ. ಎರಡನೆಯವರ ಮಾತು ಬಹುಪಾಲು ಜನರ ಮಟ್ಟಿಗೆ ನಿಜ, ಎಲ್ಲರ ಮಟ್ಟಿಗೂ ನಿಜವಲ್ಲ. ಆ ಉಳಿದ ಕೆಲವರನ್ನು ಮೊದಲೇ ಗುರುತಿಸಲು ದುಬಾರಿ ಯಂತ್ರವೂ ಬೇಡ, ಹೊಸ ಸಂಶೋಧನೆಯೂ ಬೇಡ. ಚಿಕಿತ್ಸೆಗೆ ಮುಂಚೆ ಒಂದೆರಡು ಪ್ರಶ್ನೆ ಕೇಳಿ, ಬಾಯಲ್ಲಿ ಇಡುವ ಲೋಹದ ವಿವರವನ್ನು ಬರೆದುಕೊಟ್ಟರೆ ಸಾಕು ಎಂಬುದು ಈ ಬರಹದ ವಾದ.

ಮೊದಲು ಆ ಲೋಹಗಳ ವಿಚಾರ. ಹಲ್ಲಿನ ಮೇಲೆ ಅಂಟಿಸುವ ಪುಟ್ಟ ಬ್ರ್ಯಾಕೆಟ್ಟು, ದವಡೆ ಹಲ್ಲಿಗೆ ತೊಡಿಸುವ ಬ್ಯಾಂಡು, ತಂತಿಯನ್ನು ಬ್ರ್ಯಾಕೆಟ್ಟಿಗೆ ಬಿಗಿಯುವ ಸಣ್ಣ ಕಟ್ಟು ಇವೆಲ್ಲ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಅಡುಗೆಮನೆಯ ಪಾತ್ರೆಗಳ ತಳದಲ್ಲಿ 18/8 ಎಂದು ಅಚ್ಚೊತ್ತಿರುತ್ತದಲ್ಲ, ಅದೇ ಕುಲದ ಉಕ್ಕು: ಸುಮಾರು ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್, ಮಿಕ್ಕದ್ದು ಬಹುಪಾಲು ಕಬ್ಬಿಣ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಹಾಕುವ ತೆಳ್ಳನೆಯ, ಬಳುಕಿದರೂ ಮತ್ತೆ ಮೊದಲಿನ ಆಕಾರಕ್ಕೆ ಮರಳುವ ತಂತಿ ನಿಕ್ಕಲ್ ಮತ್ತು ಟೈಟಾನಿಯಂನ ಮಿಶ್ರಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ 1960ರ ಆಸುಪಾಸಿನಲ್ಲಿ ರೂಪಿಸಿದ ಈ ಲೋಹಕ್ಕೆ ನಿಟಿನಾಲ್ ಎಂದು ಹೆಸರು. ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ ಅದನ್ನು 1970ರ ದಶಕದ ಆರಂಭದಲ್ಲಿ ಹಲ್ಲಿನ ಚಿಕಿತ್ಸೆಗೆ ತಂದರು. ತೂಕದ ಲೆಕ್ಕದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಪಾಲು ನಿಕ್ಕಲ್. ಇದಲ್ಲದೆ ಕೋಬಾಲ್ಟ್-ಕ್ರೋಮಿಯಂ ತಂತಿಗಳೂ ಬಳಕೆಯಲ್ಲಿವೆ, ಅವುಗಳಲ್ಲೂ ಶೇ. 15ರಷ್ಟು ನಿಕ್ಕಲ್ ಇರುತ್ತದೆ. ಚಾರ್ಲ್ಸ್ ಬರ್ಸ್ಟೋನ್ ಅವರು ಬಳಕೆಗೆ ತಂದ ಬೀಟಾ-ಟೈಟಾನಿಯಂ ತಂತಿಯಲ್ಲಿ ಮಾತ್ರ ನಿಕ್ಕಲ್ ಇಲ್ಲ. ಈ ಅಂಶ ಮುಂದೆ ಬೇಕಾಗುತ್ತದೆ. ಇಷ್ಟೂ ಲೋಹ ಒಂದೂವರೆ ಎರಡು ವರ್ಷ, ಹಗಲಿರುಳೂ, ಸಾಮಾನ್ಯವಾಗಿ ಬೆಳೆಯುವ ವಯಸ್ಸಿನ ಮಕ್ಕಳ ಬಾಯಲ್ಲಿ ಇರುತ್ತದೆ.

ಸ್ಟೀಲು ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ಪೊರೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ನಿಟಿನಾಲ್ ತಂತಿಯ ಮೇಲೆ ಇದೇ ಕೆಲಸವನ್ನು ಟೈಟಾನಿಯಂ ಆಕ್ಸೈಡ್ ಮಾಡುತ್ತದೆ. ಪೊರೆ ಹರಿದರೆ ಆಮ್ಲಜನಕ ಸಿಕ್ಕ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಹರಿಯುವುದಕ್ಕೂ ಕಟ್ಟಿಕೊಳ್ಳುವುದಕ್ಕೂ ನಡುವಿನ ಅವಧಿಯಲ್ಲಿ ಒಳಗಿನ ಲೋಹ ಅಯಾನುಗಳಾಗಿ ಹೊರಬೀಳುತ್ತದೆ. ಬಾಯಿಯೊಳಗೆ ಈ ಪೊರೆಗೆ ನೆಮ್ಮದಿಯಿಲ್ಲ. ಜೊಲ್ಲಿನಲ್ಲಿ ಕ್ಲೋರೈಡ್ ಇದೆ. ಸಿಹಿ ತಿಂದ ಮೇಲೆ ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲ ಹುಟ್ಟಿಸುತ್ತವೆ. ತಂಪು ಪಾನೀಯ, ನಿಂಬೆ, ಹುಣಸೆ ತಮ್ಮ ಹುಳಿಯನ್ನು ಸೇರಿಸುತ್ತವೆ. ತಂತಿ ಬ್ರ್ಯಾಕೆಟ್ಟಿನ ತೋಡಿನಲ್ಲಿ ಉಜ್ಜುತ್ತಿರುತ್ತದೆ. ಬ್ರ್ಯಾಕೆಟ್ಟಿನ ಅಂಚಿನ ಸಂದಿಗಳಲ್ಲಿ ಆಮ್ಲಜನಕ ಸುಳಿಯದ ಕಡೆ ಪೊರೆ ಸರಿಯಾಗಿ ಕಟ್ಟಿಕೊಳ್ಳುವುದೇ ಇಲ್ಲ. ಎರಡು ಬೇರೆ ಬೇರೆ ಲೋಹಗಳು ಜೊಲ್ಲಿನಲ್ಲಿ ನೆನೆದು ಒಂದಕ್ಕೊಂದು ತಾಗಿದರೆ ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುತ್ತವೆ, ಅದರಲ್ಲಿ ದುರ್ಬಲವಾದ ಲೋಹ ಸವೆಯುತ್ತದೆ. ಬ್ಯಾಂಡಿಗೆ ಬೆಸುಗೆ ಹಾಕಲು ಬಳಸುವ ಬೆಳ್ಳಿ ಮಿಶ್ರಿತ ಬೆಸುಗೆಯ ಸುತ್ತ ಸವಕಳಿ ಕಾಣುವುದು ಹೀಗೆ. ಆದ್ದರಿಂದ ಲೋಹದೊಳಗೆ ನಿಕ್ಕಲ್ ಎಷ್ಟಿದೆ ಎಂಬುದಕ್ಕಿಂತ ಪೊರೆ ಎಷ್ಟು ಗಟ್ಟಿಯಾಗಿದೆ ಎಂಬುದೇ ಮುಖ್ಯ. ಬ್ಯಾರೆಟ್, ಬಿಶಾರಾ ಮತ್ತು ಕ್ವಿನ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇ. 8ರ ಸ್ಟೀಲು ತಂತಿಗೂ ಅರ್ಧದಷ್ಟು ನಿಕ್ಕಲ್ ಇರುವ ನಿಟಿನಾಲ್ ತಂತಿಗೂ ನಿಕ್ಕಲ್ ಬಿಡುಗಡೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಂತಿಯ ಪೊಟ್ಟಣದ ಮೇಲಿನ ಶೇಕಡಾವಾರು ಅಂಕಿಯನ್ನು ನೋಡಿ ಗಾಬರಿಯಾಗುವವರಿಗೆ ಇದು ತಿಳಿದಿರಬೇಕು.

ಹಾಗಾದರೆ ದಿನಕ್ಕೆ ಎಷ್ಟು ಹೊರಬರುತ್ತದೆ? ಪಾರ್ಕ್ ಮತ್ತು ಶಿಯರರ್ 1983ರಲ್ಲಿ, ಇಡೀ ಬಾಯಿಗೆ ಹಾಕುವ ಸಾಧನವನ್ನು ಹೋಲುವ ಒಂದು ಜೋಡಣೆಯನ್ನು ಉಪ್ಪುನೀರಿನ ದ್ರಾವಣದಲ್ಲಿ ಮುಳುಗಿಸಿಟ್ಟು ಅಳೆದರು. ದಿನಕ್ಕೆ ಸರಾಸರಿ 40 ಮೈಕ್ರೋಗ್ರಾಂ ನಿಕ್ಕಲ್, 36 ಮೈಕ್ರೋಗ್ರಾಂ ಕ್ರೋಮಿಯಂ ಹೊರಬಂದಿತ್ತು. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಈ ಬಿಡುಗಡೆ ಸದಾ ಒಂದೇ ಸಮ ಇರುವುದೂ ಇಲ್ಲ. ಬ್ಯಾರೆಟ್ ತಂಡದ ಅಳತೆಯಲ್ಲಿ ನಿಕ್ಕಲ್ ಬಿಡುಗಡೆ ಮೊದಲ ವಾರದ ಹೊತ್ತಿಗೆ ಶಿಖರ ಮುಟ್ಟಿ ಆಮೇಲೆ ಇಳಿಯಿತು. ರೋಗಿಗಳ ಜೊಲ್ಲನ್ನು ಪರೀಕ್ಷಿಸಿದ ನಂತರದ ಅಧ್ಯಯನಗಳಲ್ಲೂ ಇದೇ ಚಿತ್ರ: ಮೊದಲ ವಾರಗಳಲ್ಲಿ ಏರಿಕೆ, ನಂತರ ಹಳೆಯ ಮಟ್ಟದತ್ತ ಇಳಿಕೆ. ಇನ್ನು ಊಟದ ಲೆಕ್ಕ ನೋಡೋಣ. ವಯಸ್ಕರೊಬ್ಬರು ಕ್ಲಿಪ್ಪಿನ ಹಂಗಿಲ್ಲದೆಯೇ ಆಹಾರದಿಂದ ದಿನಕ್ಕೆ 100ರಿಂದ 300 ಮೈಕ್ರೋಗ್ರಾಂ ನಿಕ್ಕಲ್ ಸೇವಿಸುತ್ತಾರೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಬೇಳೆಕಾಳು, ಗೇರುಬೀಜ, ಕಡಲೆಕಾಯಿ, ಕೋಕೋ, ಚಹಾ ಇವುಗಳಲ್ಲಿ ಅದು ಸಹಜವಾಗಿಯೇ ಹೆಚ್ಚು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಪರಿಷ್ಕರಿಸಿದ ಮಿತಿಯ ಪ್ರಕಾರ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 13 ಮೈಕ್ರೋಗ್ರಾಂ ನಿಕ್ಕಲ್ಲನ್ನು ಜೀವನಪರ್ಯಂತ ಸೇವಿಸಿದರೂ ತೊಂದರೆಯಿಲ್ಲ. 30 ಕಿಲೋ ತೂಗುವ ಮಗುವಿಗೆ ಅದು 390 ಮೈಕ್ರೋಗ್ರಾಂ ಆಯಿತು. ಪ್ರಯೋಗಾಲಯದ 40ನ್ನು ಹಾಗೆಯೇ ಒಪ್ಪಿಕೊಂಡರೂ ಅದು ಮಿತಿಯ ಹತ್ತನೇ ಒಂದು ಭಾಗ, ಅದೂ ಇಳಿಯುತ್ತ ಹೋಗುವ ಪ್ರಮಾಣ.

ಈ ಹೋಲಿಕೆಯನ್ನು ಒಪ್ಪದವರ ಒಂದು ಆಕ್ಷೇಪ ಗಟ್ಟಿಯಾಗಿದೆ, ಅದನ್ನು ಬದಿಗೊತ್ತಬಾರದು. ಊಟದ ಜೊತೆ ಹೋದ ನಿಕ್ಕಲ್ಲಿಗೂ ಜೊಲ್ಲಿನ ಜೊತೆ ಖಾಲಿ ಹೊಟ್ಟೆಗೆ ಇಳಿಯುವ ನಿಕ್ಕಲ್ಲಿಗೂ ವ್ಯತ್ಯಾಸವಿದೆ ಎನ್ನುತ್ತಾರೆ ಅವರು. ನಿಜ. ಸಂಡರ್‌ಮನ್ ಮತ್ತವರ ಸಂಗಡಿಗರು 1989ರಲ್ಲಿ ಸ್ವಯಂಸೇವಕರ ಮೇಲೆ ನಡೆಸಿದ ಅಧ್ಯಯನದಲ್ಲಿ ನೀರಿನಲ್ಲಿ ಕುಡಿದ ನಿಕ್ಕಲ್ಲಿನ ಕಾಲು ಭಾಗಕ್ಕಿಂತ ಹೆಚ್ಚು ಮೈಗೆ ಹೀರಿಕೆಯಾಯಿತು. ಆಹಾರದೊಂದಿಗೆ ಕೊಟ್ಟಾಗ ಶೇ. 1ರಷ್ಟೂ ಆಗಲಿಲ್ಲ. ಹೀಗಿರುವಾಗ ಊಟದ ನಿಕ್ಕಲ್ಲನ್ನು ಮುಂದಿಟ್ಟು ಕ್ಲಿಪ್ಪಿನ ನಿಕ್ಕಲ್ಲನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಇದಕ್ಕೆ ಉತ್ತರವನ್ನು ರಕ್ತದಲ್ಲೇ ಹುಡುಕಬೇಕು. ಬಿಶಾರಾ ಅವರ ತಂಡ ಚಿಕಿತ್ಸೆಯ ಮೊದಲ ನಾಲ್ಕೈದು ತಿಂಗಳು ರೋಗಿಗಳ ರಕ್ತ ಪರೀಕ್ಷಿಸಿತು. ನಿಕ್ಕಲ್ ಮಟ್ಟದಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಟರ್ಕಿಯ ಅಗಾವೊಗ್ಲು ತಂಡ 2001ರಲ್ಲಿ ನೂರು ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಜೊಲ್ಲಿನಲ್ಲಿ ಮೊದಲ ತಿಂಗಳು ಏರಿಕೆಯಾಗಿ ಆಮೇಲೆ ಇಳಿದಿತ್ತು, ರಕ್ತದ್ರವದಲ್ಲಿ ಮಾತ್ರ ಎರಡನೇ ವರ್ಷದ ರೋಗಿಗಳಲ್ಲಿ ಏರಿಕೆ ಕಂಡಿತ್ತು, ಆದರೆ ಆ ಏರಿಕೆ ವಿಷಕಾರಿ ಮಟ್ಟದ ಹತ್ತಿರಕ್ಕೂ ಹೋಗಿರಲಿಲ್ಲ. ಅಂದರೆ ಏರಿಕೆ ಇಲ್ಲವೇ ಇಲ್ಲ ಎನ್ನುವುದೂ ತಪ್ಪು, ಏರಿಕೆ ಇದೆ ಎಂದ ಮಾತ್ರಕ್ಕೆ ವಿಷ ಎನ್ನುವುದೂ ತಪ್ಪು.

ಹೆತ್ತವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಕ್ಯಾನ್ಸರಿನ ಭಯ. ಅದರ ಮೂಲ ಎರಡು ಕಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಕ್ಕಲ್ ಸಂಯುಕ್ತಗಳನ್ನೂ ಆರು ವೇಲೆನ್ಸಿಯ ಕ್ರೋಮಿಯಂ ಸಂಯುಕ್ತಗಳನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಇದು ನಿಜವೇ. ಆದರೆ ಆ ತೀರ್ಮಾನಕ್ಕೆ ಆಧಾರವಾದದ್ದು ನಿಕ್ಕಲ್ ಸಂಸ್ಕರಣಾ ಕಾರ್ಖಾನೆ, ಕ್ರೋಮೇಟ್ ತಯಾರಿಕೆ, ಕ್ರೋಮ್ ಲೇಪನದಂಥ ಕೆಲಸಗಳಲ್ಲಿ ವರ್ಷಾನುಗಟ್ಟಲೆ ಧೂಳನ್ನೂ ಹೊಗೆಯನ್ನೂ ಉಸಿರಾಡಿದ ಕಾರ್ಮಿಕರ ಶ್ವಾಸಕೋಶ ಮತ್ತು ಮೂಗಿನ ಕ್ಯಾನ್ಸರ್. ಸ್ಟೀಲಿನಿಂದ ಜೊಲ್ಲಿಗೆ ಇಳಿಯುವ ಕ್ರೋಮಿಯಂ ಬಹುಪಾಲು ಮೂರು ವೇಲೆನ್ಸಿಯದ್ದು; ಅದು ಆ ಗುಂಪಿನಲ್ಲಿ ಇಲ್ಲ. ಇನ್ನೊಂದು ಮೂಲ ಇಟಲಿಯ ಫಾಚ್ಚೋನಿ ತಂಡದ 2003ರ ಅಧ್ಯಯನ. ಕ್ಲಿಪ್ ಹಾಕಿಸಿಕೊಂಡ 55 ಮಂದಿಯ ಕೆನ್ನೆಯೊಳಗಿನ ಜೀವಕೋಶಗಳಲ್ಲಿ ನಿಕ್ಕಲ್ ಮಟ್ಟ ಇತರರಿಗಿಂತ 3.4 ಪಟ್ಟು, ಕೋಬಾಲ್ಟ್ 2.8 ಪಟ್ಟು ಹೆಚ್ಚಿತ್ತು, ಡಿಎನ್‌ಎಗೆ ಪೆಟ್ಟಾದ ಗುರುತುಗಳೂ ಇದ್ದವು. ಈ ಫಲಿತಾಂಶವನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದರ ಜೊತೆಗೆ 2011ರಲ್ಲಿ ಹಫೀಜ್ ತಂಡ ಪ್ರಕಟಿಸಿದ ಅಧ್ಯಯನವನ್ನೂ ಓದಬೇಕು. ಅವರು ತಮ್ಮದೇ ಒಂದು ಗುಂಪಿನ ರೋಗಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿದರು. ಮೂರನೇ ತಿಂಗಳಲ್ಲಿ ಕಂಡ ಹಾನಿಯ ಗುರುತು ಆರನೇ ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಇಲ್ಲವಾಗಿತ್ತು. ಕೆನ್ನೆಯೊಳಗಿನ ಪದರ ಸದಾ ಉದುರಿ ಹೊಸದಾಗುತ್ತಿರುವುದು, ಡಿಎನ್‌ಎಯ ಸಣ್ಣ ಪೆಟ್ಟುಗಳನ್ನು ಜೀವಕೋಶ ತಾನೇ ದುರಸ್ತಿ ಮಾಡಿಕೊಳ್ಳುವುದು ಇದಕ್ಕೆ ಕಾರಣವಿರಬಹುದು. ಬಾಯಿ ಕ್ಯಾನ್ಸರಿನ ವಿಚಾರದಲ್ಲಿ ಕರ್ನಾಟಕದ ಹೆತ್ತವರು ನಿಜವಾಗಿ ಹೆದರಬೇಕಾದ್ದು ಗುಟ್ಕಾ, ತಂಬಾಕಿಗೆ. ಅವುಗಳ ಮೇಲಿನ ಸಾಕ್ಷ್ಯದಲ್ಲಿ ಯಾವ ಸಂದೇಹವೂ ಉಳಿದಿಲ್ಲ.

ಇಷ್ಟು ಹೇಳಿದ ಮೇಲೆ ಕ್ಲಿಪ್ ಸುರಕ್ಷಿತ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮುಗಿಸಲಾಗದಿರುವುದಕ್ಕೆ ಕಾರಣ ಅಲರ್ಜಿ. ವಿಷಕ್ಕೂ ಅಲರ್ಜಿಗೂ ಲೆಕ್ಕಾಚಾರವೇ ಬೇರೆ. ವಿಷದಲ್ಲಿ ಪ್ರಮಾಣ ಹೆಚ್ಚಿದಂತೆ ಹಾನಿ ಹೆಚ್ಚುತ್ತದೆ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಳತೆಗೋಲು ಸಾಕು. ಅಲರ್ಜಿಯಲ್ಲಿ ಒಬ್ಬರಿಗೆ ಏನೂ ಅನಿಸದ ಪ್ರಮಾಣ ಇನ್ನೊಬ್ಬರಿಗೆ ಹುಣ್ಣು ತರಿಸುತ್ತದೆ. ನಿಕ್ಕಲ್ ಜಗತ್ತಿನಾದ್ಯಂತ ಅತಿ ಸಾಮಾನ್ಯವಾದ ಸಂಪರ್ಕ ಅಲರ್ಜಿಕಾರಕಗಳಲ್ಲಿ ಒಂದು, ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಚರ್ಮದ ಮೂಲಕ ಒಳಗಿಳಿದ ನಿಕ್ಕಲ್ ಅಯಾನು ದೇಹದ ಪ್ರೋಟೀನಿಗೆ ಅಂಟಿಕೊಂಡು ಅದರ ರೂಪ ಬದಲಿಸುತ್ತದೆ. ರಕ್ಷಣಾ ವ್ಯವಸ್ಥೆಯ ಟಿ-ಕೋಶಗಳು ಅದನ್ನು ಹಗೆಯೆಂದು ಗುರುತಿಟ್ಟುಕೊಳ್ಳುತ್ತವೆ. ಒಮ್ಮೆ ಗುರುತಾದರೆ ಆ ನೆನಪು ಬಹುಪಾಲು ಜೀವಮಾನವಿಡೀ ಉಳಿಯುತ್ತದೆ. ಮುಂದೆ ಎಂದಾದರೂ ನಿಕ್ಕಲ್ ತಾಗಿದಾಗ ಒಂದರಿಂದ ಮೂರು ದಿನದೊಳಗೆ ತುರಿಕೆ, ಕೆಂಪು, ನೀರುಗುಳ್ಳೆ. ಇದನ್ನು ಹುಟ್ಟಿಸುವ ದೊಡ್ಡ ದಾರಿ ಕಿವಿ ಚುಚ್ಚಿಸಿ ಹಾಕುವ ಅಗ್ಗದ ಲೋಹದ ಓಲೆ.

ಫಿನ್‌ಲ್ಯಾಂಡಿನಲ್ಲಿ ಕೆರೊಸುವೊ ಮತ್ತು ಸಂಗಡಿಗರು 14ರಿಂದ 18 ವರ್ಷದ 700 ಮಕ್ಕಳನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನಿಧಾನವಾಗಿ ಓದಬೇಕಾದದ್ದು. ಹುಡುಗಿಯರಲ್ಲಿ ಶೇ. 30ರಷ್ಟು, ಹುಡುಗರಲ್ಲಿ ಶೇ. 3ರಷ್ಟು ಮಂದಿಗೆ ನಿಕ್ಕಲ್ ಅಲರ್ಜಿ ಇತ್ತು. ಕಿವಿ ಚುಚ್ಚಿಸಿಕೊಂಡವರಲ್ಲಿ ಶೇ. 31, ಚುಚ್ಚಿಸಿಕೊಳ್ಳದವರಲ್ಲಿ ಕೇವಲ ಶೇ. 2. ಕ್ಲಿಪ್ ಹಾಕಿಸಿಕೊಂಡದ್ದರಿಂದ ಅಲರ್ಜಿ ಹೆಚ್ಚಿದ ಸೂಚನೆ ಇರಲಿಲ್ಲ. ಅದಕ್ಕಿಂತ ಅಚ್ಚರಿಯ ಸಂಗತಿ ಎಂದರೆ, ಮೊದಲು ಕ್ಲಿಪ್ ಹಾಕಿಸಿಕೊಂಡು ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಒಬ್ಬರಿಗೂ ಅಲರ್ಜಿ ಇರಲಿಲ್ಲ. ಮೊದಲು ಕಿವಿ, ಆಮೇಲೆ ಕ್ಲಿಪ್ ಎಂದಾಗ ಆ ಪ್ರಮಾಣ ಶೇ. 35. ಇದಕ್ಕೂ ಮೊದಲು, 1991ರಲ್ಲಿ, ವಾನ್ ಹೂಗ್‌ಸ್ಟ್ರಾಟನ್ ತಂಡವೂ ಇಂಥದ್ದೇ ನಂಟನ್ನು ಗುರುತಿಸಿತ್ತು. ಬಾಯಿ ಮತ್ತು ಕರುಳಿನ ಮೂಲಕ ಮೊದಲು ಪರಿಚಯವಾದ ವಸ್ತುವನ್ನು ರಕ್ಷಣಾ ವ್ಯವಸ್ಥೆ ಸಹಿಸಿಕೊಳ್ಳಲು ಕಲಿಯುತ್ತದೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. ಕ್ಲಿಪ್ಪಿನ ಪರ ವಾದಿಸುವವರು ಈ ಅಧ್ಯಯನವನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಆದರೆ ಅದರ ನೆಮ್ಮದಿಯ ಅರ್ಧ ನಮಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಕಿವಿ ಚುಚ್ಚಿಸುವುದು ಎಳೆಗೂಸಾಗಿರುವಾಗಲೇ, ಎಷ್ಟೋ ಸಮುದಾಯಗಳಲ್ಲಿ ಗಂಡುಮಕ್ಕಳಿಗೂ. ಹಲ್ಲಿಗೆ ಕ್ಲಿಪ್ ಬರುವುದು ಹನ್ನೆರಡು ಹದಿಮೂರನೇ ವಯಸ್ಸಿನ ಸುಮಾರಿಗೆ. ಅಂದರೆ ಕರ್ನಾಟಕದ ಮಗು ಬಹುತೇಕ ಯಾವಾಗಲೂ ಎರಡನೇ ಗುಂಪಿನಲ್ಲೇ ಇರುತ್ತದೆ. ಮೊದಲ ಓಲೆ ಒಳ್ಳೆಯ ಚಿನ್ನದ್ದಾದರೆ ಅಪಾಯ ಕಡಿಮೆ. ಆಮೇಲೆ ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಕೊಳ್ಳುವ ಬಣ್ಣಬಣ್ಣದ ಜುಮುಕಿ, ಲೇಪನದ ಅಡಿಯಲ್ಲಿ ನಿಕ್ಕಲ್ ಪದರವಿರಬಹುದಾದ ಗಿಲೀಟಿನ ಒಡವೆ, ಪ್ಯಾಂಟಿನ ಗುಂಡಿ, ಕೈಗಡಿಯಾರದ ಬಕಲ್ಲು, ಸೆರಗಿಗೆ ಚುಚ್ಚುವ ಪಿನ್ನು ಇವೆಲ್ಲ ಕೆಲಸ ಮಾಡುತ್ತಿರುತ್ತವೆ. ಯುರೋಪಿನಲ್ಲಿ ಇಂಥ ವಸ್ತುಗಳಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುಗಡೆಯಾಗಬಾರದೆಂಬ ಕಾನೂನನ್ನು 1994ರಲ್ಲೇ ಮಾಡಿದರು. ಚುಚ್ಚಿದ ಗಾಯದೊಳಗೆ ಕೂರುವ ಕಡ್ಡಿಗೆ ಮಿತಿ ಇನ್ನೂ ಬಿಗಿ, 0.2.

ಇಲ್ಲಿಯೇ ಈ ಬರಹದ ಮುಖ್ಯ ಮಾತು ಇದೆ. ನಿಕ್ಕಲ್ ಅಲರ್ಜಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಮನೆಯವರಿಗೆ ಎಷ್ಟೋ ಸಲ ಆಗಲೇ ಗೊತ್ತಿರುತ್ತದೆ, ಆದರೆ ಆ ಹೆಸರಿನಲ್ಲಿ ಗೊತ್ತಿರುವುದಿಲ್ಲ. "ನಮ್ಮ ಹುಡುಗಿಗೆ ಡೂಪ್ಲಿಕೇಟ್ ಓಲೆ ಆಗಿಬರೋದಿಲ್ಲ, ಕಿವಿ ಸೋರುತ್ತೆ" ಎಂದು ತಾಯಂದಿರು ಹೇಳುವ ಮಾತು ಒಂದು ರೋಗನಿರ್ಣಯದ ಸುಳಿವೇ. ಹೊಕ್ಕುಳ ಹತ್ತಿರ ಪ್ಯಾಂಟಿನ ಗುಂಡಿ ತಾಗುವಲ್ಲಿ ಕಪ್ಪಗಾಗಿ ತುರಿಸುವುದು ಇನ್ನೊಂದು ಸುಳಿವು. ದಂತ ವೈದ್ಯರು "ಯಾವುದಾದರೂ ಅಲರ್ಜಿ ಇದೆಯಾ?" ಎಂದು ಕೇಳಿದರೆ ಮನೆಯವರಿಗೆ ನೆನಪಾಗುವುದು ಧೂಳು, ಔಷಧಿ, ಬದನೆಕಾಯಿ, ಓಲೆಯ ಸಂಗತಿ ಬಾಯಿಗೆ ಬರುವುದೇ ಇಲ್ಲ. ಅದಕ್ಕೇ ಪ್ರಶ್ನೆಯನ್ನು ಓಲೆ, ಗಡಿಯಾರ, ಗುಂಡಿಗಳ ಹೆಸರಿಟ್ಟೇ ಕೇಳಬೇಕು. ಉತ್ತರ ಹೌದೆಂದಾದರೆ ಚರ್ಮವೈದ್ಯರ ಬಳಿ ಪ್ಯಾಚ್ ಪರೀಕ್ಷೆ ಮಾಡಿಸಬಹುದು. ನಿಕ್ಕಲ್ ಸಲ್ಫೇಟ್ ಬೆರೆಸಿದ ಮುಲಾಮಿನ ಪಟ್ಟಿಯನ್ನು ಬೆನ್ನಿಗಂಟಿಸಿ, 48 ಗಂಟೆಯ ನಂತರ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟೇ ಪರೀಕ್ಷೆ. ಯಾವ ಸುಳಿವೂ ಇಲ್ಲದ ಮಕ್ಕಳಿಗೆಲ್ಲ ಇದನ್ನು ಮಾಡಿಸುವ ಅಗತ್ಯವಿಲ್ಲ.

ಹೀಗೆ ಕೇಳುತ್ತ ಹೋದರೆ ಸುಮ್ಮನೆ ಭಯ ಹುಟ್ಟುತ್ತದೆ, ಚಿಕಿತ್ಸೆ ಬೇಕಾದವರೂ ಹಿಂದೆ ಸರಿಯುತ್ತಾರೆ ಎಂಬ ಆಕ್ಷೇಪವಿದೆ. ನಿಕ್ಕಲ್ ಅಲರ್ಜಿ ಇರುವವರಲ್ಲೂ ಬಹುಪಾಲು ಜನ ಸ್ಟೀಲಿನ ಕ್ಲಿಪ್ಪನ್ನು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ ಎಂಬುದು ಅದಕ್ಕೆ ಆಧಾರ. ಈ ಆಧಾರ ಸರಿಯಾದದ್ದೇ. ಬಾಯಿಯ ಒಳಪದರದಲ್ಲಿ ಅಲರ್ಜಿ ಕೆರಳಲು ಚರ್ಮಕ್ಕಿಂತ ಹಲವು ಪಟ್ಟು ಹೆಚ್ಚು ಸಾಂದ್ರತೆ ಬೇಕಾಗುತ್ತದೆ; ಜೊಲ್ಲು ಸದಾ ಅಯಾನುಗಳನ್ನು ತೊಳೆದು ಸಾಗಿಸುತ್ತಿರುತ್ತದೆ. ಆದರೆ ಇದರಿಂದ ಹೊರಡುವ ತೀರ್ಮಾನ ಕೇಳಬಾರದು ಎಂದಲ್ಲ. ಕೇಳಿದ ಮೇಲೂ ಹೆಚ್ಚಿನವರಿಗೆ ಚಿಕಿತ್ಸೆ ನಿಲ್ಲಿಸಬೇಕಾಗುವುದಿಲ್ಲ, ತಂತಿಯ ಆಯ್ಕೆಯಲ್ಲಿ ಎಚ್ಚರ ಸಾಕು ಎಂದಷ್ಟೇ. ಕೇಳದಿದ್ದರೆ ಆಗುವ ನಷ್ಟವೇ ಬೇರೆ. ಬಾಯಲ್ಲಿ ನಿಕ್ಕಲ್ ಅಲರ್ಜಿ ಕಾಣಿಸಿಕೊಳ್ಳುವ ಬಗೆ ಮೋಸಗೊಳಿಸುವಂಥದ್ದು: ನಾಲಿಗೆ ಉರಿ, ಲೋಹದ ರುಚಿ, ತುಟಿಯ ಮೂಲೆ ಸೀಳುವುದು, ಕೆನ್ನೆಯೊಳಗೆ ಕೆಂಪು, ತುಟಿಯ ಸುತ್ತ ಗುಳ್ಳೆ, ವಸಡು ಊದಿಕೊಳ್ಳುವುದು. ಕೆಲವರಿಗೆ ಬಾಯಲ್ಲಿ ಏನೂ ಇಲ್ಲದೆ ಕೈಬೆರಳಿನ ಸಂದಿಯಲ್ಲೋ ಹಳೆಯ ಓಲೆಯ ಗಾಯದಲ್ಲೋ ಕಜ್ಜಿ ಕೆರಳುತ್ತದೆ. ಇವುಗಳಲ್ಲಿ ಬಹಳಷ್ಟು, ಸರಿಯಾಗಿ ಹಲ್ಲುಜ್ಜದವರಲ್ಲಿ ಕಾಣುವ ಲಕ್ಷಣಗಳ ಹಾಗೆಯೇ ಇವೆ. ಮಗುವಿಗೆ ಲೋಹ ಆಗಿಬರುವುದಿಲ್ಲವೆಂದು ಯಾರೂ ಬರೆದಿಟ್ಟಿರದಿದ್ದರೆ, ಎಷ್ಟು ಚೆನ್ನಾಗಿ ಉಜ್ಜಿದರೂ ಊದಿರುವ ವಸಡಿಗಾಗಿ ಆ ಮಗು ತಿಂಗಳುಗಟ್ಟಲೆ ಬೈಗುಳ ತಿನ್ನಬೇಕಾಗುತ್ತದೆ. ಇದು ಅನ್ಯಾಯ. ಚಿಕಿತ್ಸಕರಿಗೂ ಇದರಿಂದ ಲಾಭವಿಲ್ಲ.

ಫ್ಲೋರೈಡಿನ ಪ್ರಶ್ನೆಯೂ ಇದೆ. ಆಮ್ಲೀಯ ಫ್ಲೋರೈಡ್ ಟೈಟಾನಿಯಂ ಆಕ್ಸೈಡಿನ ಪೊರೆಯನ್ನು ಕರಗಿಸಬಲ್ಲದು. ದಂತ ವೈದ್ಯರು ಹಚ್ಚುವ, ಹುಳಿ ಹೆಚ್ಚಿರುವ, ಶೇ. 1.23 ಸಾಂದ್ರತೆಯ ಫ್ಲೋರೈಡ್ ಜೆಲ್ ನಿಟಿನಾಲ್ ತಂತಿಯ ಮೈಯನ್ನು ಒರಟಾಗಿಸಿದ್ದನ್ನು ಪ್ರಯೋಗಗಳು ತೋರಿಸಿವೆ. ಇದನ್ನು ಕೇಳಿ ಯಾರಾದರೂ ಫ್ಲೋರೈಡ್ ಪೇಸ್ಟನ್ನೇ ಬಿಟ್ಟರೆ ದೊಡ್ಡ ತಪ್ಪಾಗುತ್ತದೆ. ಕ್ಲಿಪ್ ಹಾಕಿದ ಹಲ್ಲುಗಳಿಗೆ ಬರುವ ಅತಿ ಸಾಮಾನ್ಯ ಹಾನಿ ಲೋಹದಿಂದ ಬಂದದ್ದಲ್ಲ, ಬ್ರ್ಯಾಕೆಟ್ಟಿನ ಸುತ್ತ ಪಾಚಿ ಕಟ್ಟಿ ಎನಾಮೆಲ್ ಸುಣ್ಣ ಕಳೆದುಕೊಂಡು ಉಳಿಯುವ ಬಿಳಿ ಕಲೆ. ಅದನ್ನು ತಡೆಯುವುದು ಫ್ಲೋರೈಡೇ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರಿನ ಕಡೆಯವರು ಕೊಳವೆಬಾವಿಯ ನೀರಿನ ಫ್ಲೋರೈಡ್ ತಂತಿಯನ್ನು ತಿಂದೀತೇ ಎಂದು ಕೇಳಬಹುದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಫ್ಲೋರೈಡಿನ ಮಿತಿ ದಾಟಿದ ನೀರು ಎಲುಬಿಗೂ ಹಲ್ಲಿಗೂ ಕೆಟ್ಟದ್ದು, ಅದು ಬೇರೆಯದೇ ಹೋರಾಟ; ಆದರೆ ಜೆಲ್ಲಿನಲ್ಲಿ ಲೀಟರಿಗೆ ಹನ್ನೆರಡು ಸಾವಿರ ಮಿಲಿಗ್ರಾಂಗೂ ಹೆಚ್ಚಿರುವಾಗ ನೀರಿನ ಕೆಲವೇ ಮಿಲಿಗ್ರಾಂ, ಅದೂ ಹುಳಿಯಿಲ್ಲದ ನೀರಿನಲ್ಲಿ, ತಂತಿಯ ಮಟ್ಟಿಗೆ ಗಣನೆಗೆ ಬರುವುದಿಲ್ಲ.

ರೋಗಿ ಕಣ್ಣಿಟ್ಟು ನೋಡಲಾಗದ ಅಪಾಯವೆಂದರೆ ಮರುಬಳಕೆಯ ಬ್ರ್ಯಾಕೆಟ್ಟು. ಒಬ್ಬರ ಹಲ್ಲಿನಿಂದ ಕಿತ್ತ ಬ್ರ್ಯಾಕೆಟ್ಟಿನ ಅಂಟನ್ನು ಬೆಂಕಿಯಲ್ಲೋ ಕುಲುಮೆಯಲ್ಲೋ ಸುಟ್ಟು ತೆಗೆದು ಮತ್ತೆ ಅಂಟಿಸುವ ಪದ್ಧತಿಯ ಬಗ್ಗೆ ದಂತ ವಿಜ್ಞಾನದ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಸುಮಾರು 400ರಿಂದ 900 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯಿಸಿದ ಸ್ಟೀಲಿನಲ್ಲಿ ಕ್ರೋಮಿಯಂ ಇಂಗಾಲದೊಂದಿಗೆ ಸೇರಿ ಕಾರ್ಬೈಡ್ ಆಗುತ್ತದೆ. ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಲೋಹದ ಕಣಗಳ ಅಂಚುಗಳಲ್ಲಿ ಬರಿದಾಗುತ್ತದೆ. ಅಲ್ಲಿಂದಲೇ ಸವಕಳಿ ಶುರು. ತೈವಾನಿನ ಹುವಾಂಗ್ ತಂಡ 2001ರಲ್ಲಿ ಹೊಸ ಮತ್ತು ಮರುಬಳಕೆಯ ಬ್ರ್ಯಾಕೆಟ್ಟುಗಳನ್ನು 12 ವಾರ ದ್ರಾವಣದಲ್ಲಿಟ್ಟು ಹೋಲಿಸಿದಾಗ ಮರುಬಳಕೆಯವು ಹೆಚ್ಚು ಅಯಾನು ಬಿಟ್ಟವು, ದ್ರಾವಣ ಹುಳಿಯಾಗಿದ್ದಾಗ ಇನ್ನೂ ಹೆಚ್ಚು. ಮೇಲೆ ಹೇಳಿದ ನೆಮ್ಮದಿಯ ಅಂಕಿಗಳೆಲ್ಲ ಒಳ್ಳೆಯ ಗುಣಮಟ್ಟದ ಹೊಸ ಸಾಮಗ್ರಿಗೆ ಸೇರಿದವು. ಖರ್ಚು ಉಳಿಸುವ ಸಲುವಾಗಿ ಹಳೆಯದನ್ನು ಅಂಟಿಸಿದರೆ ಆ ಅಂಕಿಗಳ ಭರವಸೆಯನ್ನು ರೋಗಿಗೆ ಕೊಡಲಾಗದು. ಮಾಡುವುದೇ ಆದರೆ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಮಾಡಬೇಕು, ಮಾಡದಿರುವುದು ಉತ್ತಮ.

ಪರ್ಯಾಯಗಳ ಬಗ್ಗೆ ಜಾಹೀರಾತು ಹೇಳುವಷ್ಟು ಸರಳವಾಗಿ ಹೇಳಲಾಗದು. ಸೆರಾಮಿಕ್ ಬ್ರ್ಯಾಕೆಟ್ಟು ಹಾಕಿಸಿದರೂ ಅದರಲ್ಲಿ ಹಾಯುವ ತಂತಿ ಲೋಹದ್ದೇ. ನಿಕ್ಕಲ್ ಇಲ್ಲದ್ದು ಎಂದು ಮಾರುವ ಸ್ಟೀಲಿನಲ್ಲೂ ಅಲ್ಪ ಪ್ರಮಾಣ ಉಳಿದಿರಬಹುದು, ಲೇಬಲ್ಲಿನ ಅಂಕಿ ಓದದೆ ನಂಬಬಾರದು. ಟೈಟಾನಿಯಂ ಬ್ರ್ಯಾಕೆಟ್ಟು, ಬೀಟಾ-ಟೈಟಾನಿಯಂ ತಂತಿ, ಪಾಲಿಮರ್ ಲೇಪನದ ತಂತಿಗಳಿವೆ. ಲೇಪನ ಮಾತ್ರ ಕಾಲಕ್ರಮೇಣ ಕಿತ್ತುಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಅಲೈನರಿನಲ್ಲಿ ಲೋಹವಿಲ್ಲ, ಬೆಲೆ ಹೆಚ್ಚು, ಎಲ್ಲ ಬಗೆಯ ವಕ್ರತೆಗೂ ಅದು ಹೊಂದುವುದಿಲ್ಲ. ಇವೆಲ್ಲ ಅಲರ್ಜಿ ಖಚಿತವಾದವರಿಗೆ ಬೇಕಾದ ದಾರಿಗಳು. ಮಿಕ್ಕವರು ಇದಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ.

ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದವು. ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರ ಜುಲೈ 6ರಂದು ಶುರುವಾದ ಮೆಟೀರಿಯೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಆದರೆ ತಂತಿಯ ತಯಾರಕ ಯಾರು, ಮಿಶ್ರಲೋಹ ಯಾವುದು ಎಂಬುದು ರೋಗಿಯ ಕೈಯಲ್ಲಿ ಬರಹದಲ್ಲಿ ಇಲ್ಲದಿದ್ದರೆ ಹೀಗೆ ದೂರು ದಾಖಲಿಸುವುದಾದರೂ ಯಾವುದರ ಮೇಲೆ? ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿನ ಕಾಲೇಜುಗಳ ಹಲ್ಲು ಸರಿಪಡಿಸುವ ವಿಭಾಗಗಳು ಒಂದು ಪುಟದ ಕನ್ನಡ ಪ್ರಶ್ನಾಪತ್ರವನ್ನೂ ಒಂದು ಸಣ್ಣ ಲೋಹದ ಚೀಟಿಯನ್ನೂ ರೂಢಿಗೆ ತಂದರೆ ಖಾಸಗಿ ಚಿಕಿತ್ಸಾಲಯಗಳು ಹಿಂಬಾಲಿಸುವುದು ಕಷ್ಟವಲ್ಲ. ಪ್ರಶ್ನಾಪತ್ರದಲ್ಲಿ ಓಲೆ, ಗುಂಡಿ, ಗಡಿಯಾರದ ಪ್ರಶ್ನೆಗಳಿರಲಿ. ಚೀಟಿಯಲ್ಲಿ ಬ್ರ್ಯಾಕೆಟ್ಟು, ಬ್ಯಾಂಡು, ತಂತಿಗಳ ಲೋಹದ ಹೆಸರು, ತಯಾರಕರ ಹೆಸರು, ಹೊಸದೋ ಮರುಬಳಕೆಯದೋ ಎಂಬ ಒಂದು ಸಾಲು ಇರಲಿ.

ಅಲ್ಲಿಯವರೆಗೆ ಹೆತ್ತವರೇ ಮುಂದಾಗಬೇಕು. ಮಗುವಿಗೆ ಕ್ಲಿಪ್ ಹಾಕಿಸುವ ಮುನ್ನ, ಅಗ್ಗದ ಓಲೆ ಎಂದಾದರೂ ಕಿವಿಯನ್ನು ಸೋರಿಸಿತ್ತೇ ಎಂದು ನೆನಪಿಸಿಕೊಂಡು ವೈದ್ಯರು ಕೇಳದಿದ್ದರೂ ಹೇಳಿ. ಬಾಯಲ್ಲಿ ಇಡುವ ಲೋಹ ಯಾವುದು, ಅದು ಹೊಸದೇ ಎಂದು ಕೇಳಿ ಬರೆಸಿಕೊಳ್ಳಿ. ಚಿಕಿತ್ಸೆಯ ನಡುವೆ ಬಾಯಿ ಉರಿದರೆ, ತುಟಿಯ ಸುತ್ತ ಗುಳ್ಳೆ ಎದ್ದರೆ ಕ್ಲಿಪ್ಪನ್ನು ನೀವೇ ಕೀಳಿಸುವ ಯೋಚನೆ ಮಾಡದೆ ಮೊದಲು ಅದೇ ವೈದ್ಯರನ್ನು, ಆಮೇಲೆ ಚರ್ಮವೈದ್ಯರನ್ನು ಕಾಣಿ. ಏನೂ ತೊಂದರೆಯಿಲ್ಲದೆ ಚಿಕಿತ್ಸೆ ಸಾಗುತ್ತಿದ್ದರೆ ಲೋಹದ ಹೆದರಿಕೆಯಿಂದ ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ.